ಇಪ್ಪತ್ತು ಮಂಜಾಡಿ ಮೀರಿದ ಕಲ್ಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಆಜ್ಞೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಇಸಿಲ ಇಲ್ಲಿಯದೇ ಊರು. ಸುವರ್ಣಗಿರಿ ಯಾವುದೆಂಬ ಚರ್ಚೆಯಲ್ಲಿ ಕರ್ನೂಲು ಸೀಮೆಯ ಜೊನ್ನಗಿರಿಯ ಹೆಸರೂ ಬರುತ್ತದೆ. ಈಗ ಜೊನ್ನಗಿರಿ ಸುದ್ದಿಯಾಗುವುದು ಮುಂಗಾರಿನ ಮೊದಲ ಮಳೆಗೆ. ತೊಳೆದ ಹೊಲಗಳಲ್ಲಿ ವಜ್ರ ಹುಡುಕುತ್ತ ಜನ ತಲೆ ಬಗ್ಗಿಸಿ ನಡೆಯುತ್ತಾರೆ. ಕರ್ನಾಟಕದ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಹೋಗುವವರಿದ್ದಾರೆ.

ಇದೇ ಸೀಮೆಯ ಹಳೆಯ ವಜ್ರದೂರು ವಜ್ರಕರೂರು. ಮೊಳಕಾಲ್ಮೂರಿನಿಂದ ಈಶಾನ್ಯಕ್ಕೆ, ನೇರ ಗೆರೆ ಎಳೆದರೆ ನೂರು ಕಿಲೋಮೀಟರೂ ಆಗದು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವವರೆಗೆ ಅದು ಬಳ್ಳಾರಿಗೆ ಸೇರಿತ್ತು.

ವಜ್ರದ ಗಣಿಗೆ ಹಣ ಹಾಕುವವನ ಕಷ್ಟಸುಖದ ಬಗ್ಗೆ ನಮಗಿರುವ ಒಳ್ಳೆಯ ಹಳೆಯ ದಾಖಲೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನದು. ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ ಆತ ಬರೆದ ಪ್ರಕಾರ ವಜ್ರ ಸಿಗುವ ಗುತ್ತಿ ಸೀಮೆ ಅಡಪನಾಯಕನ ವಶದಲ್ಲಿತ್ತು. ಅವನು ವರ್ಷಕ್ಕೆ 40,000 ವರಹ ಅರಸನಿಗೆ ಕಟ್ಟಬೇಕು. ಜೊತೆಗೆ, ಇಪ್ಪತ್ತು ಮಂಜಾಡಿ ತೂಕ ಮೀರಿದ ಕಲ್ಲೆಲ್ಲ ನೇರ ಬೊಕ್ಕಸಕ್ಕೆ. ಇಂದಿನ ಲೆಕ್ಕದಲ್ಲಿ ಅದು ಇಪ್ಪತ್ತೈದು ಕ್ಯಾರೆಟ್ ಆಚೀಚೆ. ಜಾಣ ಕರಾರು. ಖಾಲಿ ಗುಂಡಿಗಳ ಖರ್ಚು ನಾಯಕನದು, ಅದೃಷ್ಟದ ಕಲ್ಲು ಅರಸನದು. ವಜ್ರದ ವ್ಯವಹಾರದಲ್ಲಿ ನೂರು ಚಿಕ್ಕ ಕಲ್ಲು ಕೂಲಿಗೆ ಸರಿಹೋದರೆ, ಒಂದು ದೊಡ್ಡ ಕಲ್ಲು ಎಲ್ಲ ನಷ್ಟವನ್ನೂ ತುಂಬಿಕೊಡುತ್ತದೆ. ಆ ಒಂದನ್ನೇ ಕರಾರು ಕಿತ್ತುಕೊಂಡಿತ್ತು.

1881ರಲ್ಲಿ ವಜ್ರಕರೂರಿನಲ್ಲಿ ಅಂಥದೇ ಕಲ್ಲು ಸಿಕ್ಕಿತು, 67 ಕ್ಯಾರೆಟ್ಟಿಗೂ ಮಿಕ್ಕಿದ್ದು. ಅದು ಮದರಾಸಿನ ಆಭರಣ ವ್ಯಾಪಾರಿಗಳಾದ ಪಿ. ಓರ್ ಅಂಡ್ ಸನ್ಸ್ ಕೈಸೇರಿ, ಸಾಣೆ ಹಿಡಿದ ಮೇಲೆ 25 ಕ್ಯಾರೆಟ್ಟಿಗೂ ತುಸು ಕಡಿಮೆಯಾಗಿ ಉಳಿಯಿತು. ಗೋರ್ ದೊ ನೋರ್ ಎಂದು ಹೆಸರಾಯಿತು. ಅದು ಹಣ ಹರಿಯುವ ಕಾಲ. ದಕ್ಷಿಣ ಆಫ್ರಿಕದ ಕಿಂಬರ್ಲಿ ಕಣ್ಣೆದುರಿತ್ತು, ಕೋಲಾರದ ಚಿನ್ನವೂ ಆ ದಶಕದಲ್ಲೇ ಲಾಭ ಕಾಣತೊಡಗಿತು. ಷಾಪೆ ಎಂಬ ಫ್ರೆಂಚ್ ಭೂವಿಜ್ಞಾನಿ ವಜ್ರಕರೂರಿನ ಬಂಡೆಯಲ್ಲೇ ವಜ್ರ ಕಂಡೆನೆಂದ. ಮುಂದೆ ಮೈಸೂರಿನ ಭೂವಿಜ್ಞಾನ ಇಲಾಖೆಯನ್ನು ಕಟ್ಟಿದ ರಾಬರ್ಟ್ ಬ್ರೂಸ್ ಫೂಟ್ 1889ರಲ್ಲಿ ಆ ಮಾತನ್ನು ಅನುಮಾನಿಸಿ ಬರೆದರು. ಕಿಂಬರ್ಲಿಯಂಥದೇ ನೀಲಿ ಮಣ್ಣು ಇಲ್ಲೂ ಇದೆಯೆಂದು ಕಂಡ ಮೇಲಂತೂ ಕಂಪನಿಗೆ ಯಂತ್ರ ತರಿಸಲು ಧೈರ್ಯ ಬಂತು. ತೋಡಿದರು. ಹಾಕಿದ ಹಣ ಮರಳಲಿಲ್ಲ.

ತಪ್ಪಿದ್ದೆಲ್ಲಿ? ನೀಲಿ ಮಣ್ಣು ನಿಜವಾಗಿಯೂ ಕಿಂಬರ್ಲೈಟೇ. ಸುಮಾರು 110 ಕೋಟಿ ವರ್ಷದ ಹಿಂದೆ ಆಳದಿಂದ ಕೊಳವೆಯಂತೆ ಉಕ್ಕಿ ಬಂದ ಶಿಲೆ. ಆದರೆ ಅದರ ತಲೆಭಾಗ ಯುಗಯುಗಗಳ ಮಳೆಗೆ ಸವೆದು, ಮಣ್ಣು ಕೊಚ್ಚಿಹೋಗಿ, ಗಟ್ಟಿ ಕಲ್ಲು ಹೊಲದಲ್ಲಿ ಉಳಿದಿದೆ. ಮೇಲೆ ಸಿಕ್ಕಿದ್ದು ಎಷ್ಟೋ ಲಕ್ಷ ಟನ್ನಿನ ಸಾರ. ಅದನ್ನು ನೋಡಿ ಕೆಳಗಿನ ಒಂದೊಂದು ಟನ್ನಿನಲ್ಲೂ ಅಷ್ಟೇ ಇದೆಯೆಂದು ಕಂಪನಿ ಎಣಿಸಿತು. ಒಂದು ಗಿಡ ಕಿತ್ತು ಹಿಡಿ ತುಂಬ ಕಾಯಿ ಕಂಡರೆ ಎಕರೆಯ ಇಳುವರಿ ಗೊತ್ತಾಗದು ಎಂಬುದನ್ನು ಚಳ್ಳಕೆರೆಯ ಶೇಂಗಾ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಭಾರತದಲ್ಲಿ ಹೆಸರು ಮಾಡಿದ ಯಂತ್ರಗಣಿ ಮಧ್ಯಪ್ರದೇಶದ ಪನ್ನಾ ಬಳಿಯ ಮಝಗವಾಂ. ಅಲ್ಲೂ ನೂರು ಟನ್ ಕಲ್ಲು ಅರೆದರೆ ಬರುವುದು ಸುಮಾರು 10 ಕ್ಯಾರೆಟ್, ಎಂದರೆ 2 ಗ್ರಾಂ. ಆ ಪ್ರಮಾಣ ತಿಳಿಯುವುದಕ್ಕೇ ಮೊದಲು ನೂರಾರು ಟನ್ ಅಗೆದು ಅರೆಯಬೇಕು. ಸಣ್ಣ ಕಂಪನಿಯ ಷೇರು ಹಣ ಸಾಮಾನ್ಯವಾಗಿ ಮುಗಿಯುವುದು ಈ ಹಂತದಲ್ಲೇ. ಸಿಕ್ಕ ಮೇಲೂ ನಿಶ್ಚಿಂತೆಯಿಲ್ಲ: ರಿಯೊ ಟಿಂಟೊದಂಥ ದೈತ್ಯ ಕಂಪನಿ 2004ರಲ್ಲಿ ಛತರ್‌ಪುರ ಜಿಲ್ಲೆಯ ಕಾಡಿನಲ್ಲಿ ಬಂದರ್ ನಿಕ್ಷೇಪ ಕಂಡುಹಿಡಿದು, 2017ರಲ್ಲಿ ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು ಹೊರಟಿತು.

ವಜ್ರಕರೂರಿನ ಸುತ್ತ ಸ್ವಾತಂತ್ರ್ಯಾನಂತರ ಭೂವಿಜ್ಞಾನಿಗಳು ಕಿಂಬರ್ಲೈಟ್ ಕೊಳವೆಗಳನ್ನು ಒಂದರ ಮೇಲೊಂದು ಗುರುತಿಸಿದ್ದಾರೆ. ದೊಡ್ಡ ಗಣಿ ಮಾತ್ರ ಏಳಲಿಲ್ಲ. ಹೊಲದಲ್ಲಿ ಹುಡುಕುವವರದು ಬಂಡವಾಳವಿಲ್ಲದ ಕಂಪನಿ: ಹೂಡುವುದು ದಿನಗೂಲಿ, ಕಲ್ಲು ಸಿಕ್ಕರೆ ಗುಟ್ಟಾಗಿ ಊರಿನ ವ್ಯಾಪಾರಿಗೆ ಕೊಟ್ಟು, ಅವನು ಹೇಳಿದ ಬೆಲೆಗೆ ಒಪ್ಪುವುದು. ಇಪ್ಪತ್ತು ಮಂಜಾಡಿ ಮೀರಿದ ಕಲ್ಲಿನ ಲಾಭ ಈಗಲೂ ಹೆಕ್ಕಿದವನದಲ್ಲ. ಬಿತ್ತಿದ ಹೊಲ ತುಳಿಯಬೇಡಿ ಎಂದು ರೈತರು ಕೆಲವೆಡೆ ಬೋರ್ಡು ನೆಟ್ಟಿದ್ದಾರೆ.