ಮಲ್ಲನ ನಿಜವಾದ ಗೆಲುವು

ಎದುರಾಳಿಯನ್ನು ನೆಲಕ್ಕೆ ಕೆಡಹುವವನು ಬಲಶಾಲಿಯಲ್ಲ, ಕೋಪದ ಗಳಿಗೆಯಲ್ಲಿ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವವನೇ ಬಲಶಾಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿರುವ ಈ ಪಾಠದ ಬೆಳಕಿನಲ್ಲಿ ನಮ್ಮ ಕಾಲದ ಒಬ್ಬ ಮಲ್ಲನ ಬದುಕನ್ನು ನೋಡೋಣ. ಅವರ ಹೆಸರು ಖಬೀಬ್ ನುರ್ಮಗೊಮೆದೊವ್.

ಕಾಕಸಸ್ ಪರ್ವತಗಳಿಗೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿರುವ ದಾಗೆಸ್ತಾನ್ ಇಂದು ರಶ್ಯಾದ ಭಾಗ. 19ನೇ ಶತಮಾನದಲ್ಲಿ ಇಮಾಮ್ ಶಾಮಿಲ್ ಝಾರ್ ದೊರೆಗಳ ಸೈನ್ಯವನ್ನು 1834ರಿಂದ 1859ರ ವರೆಗೆ ಎದುರಿಸಿ ನಿಂತದ್ದು ಇದೇ ಬೆಟ್ಟಗಳಲ್ಲಿ. ಶಾಮಿಲರಂತೆಯೇ ಅವಾರ್ ಜನಾಂಗಕ್ಕೆ ಸೇರಿದ ಖಬೀಬ್ 1988ರ ಸೆಪ್ಟೆಂಬರ್ 20ರಂದು ಸಿಲ್ದಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅಬ್ದುಲ್‌ಮನಾಪ್ ಕುಸ್ತಿಯ ಗುರುಗಳು. ಮನೆಯ ನೆಲಮಹಡಿಯನ್ನೇ ಗರಡಿಯಾಗಿಸಿ ಮಗನಿಗೂ ಊರಿನ ಹುಡುಗರಿಗೂ ಅಭ್ಯಾಸ ಮಾಡಿಸಿದರು. ಮುಂದೆ ಖಬೀಬ್ 2009 ಮತ್ತು 2010ರಲ್ಲಿ ಕಾಂಬ್ಯಾಟ್ ಸಾಂಬೊ ಎಂಬ ರಶ್ಯನ್ ಮಲ್ಲಯುದ್ಧದಲ್ಲಿ ವಿಶ್ವ ಚಾಂಪಿಯನ್ ಆದರು.

2012ರಲ್ಲಿ ಅವರು ಅಮೆರಿಕದ ಯು.ಎಫ್.ಸಿ. ಸಂಸ್ಥೆಯ ಮಿಶ್ರ ಸಮರ ಕಲೆಯ ಕಣಕ್ಕಿಳಿದರು. ಗುದ್ದು, ಒದೆ, ಕುಸ್ತಿ ಮೂರೂ ಕೂಡಿದ ಈ ಸ್ಪರ್ಧೆ ನಡೆಯುವುದು ಎಂಟು ಮೂಲೆಯ ಬಲೆಯ ಬೇಲಿಯೊಳಗೆ. ಗಾಯಗಳಿಂದಾಗಿ 2014ರಿಂದ 2016ರ ವರೆಗೆ ಕಣದಿಂದ ದೂರ ಉಳಿಯಬೇಕಾಯಿತು. ಆದರೂ ತಾಳ್ಮೆಗೆಡದೆ ಮರಳಿ ಬಂದು, 2018ರ ಏಪ್ರಿಲ್‌ನಲ್ಲಿ ಲೈಟ್‌ವೇಟ್ ವಿಭಾಗದ ಪಟ್ಟ ಗೆದ್ದರು.

ಅದೇ ವರ್ಷ ಅಕ್ಟೋಬರ್ 6ರಂದು ಲಾಸ್ ವೇಗಸ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎದುರಾದರು. ಸ್ಪರ್ಧೆಗೆ ಮುನ್ನ ಮೆಕ್‌ಗ್ರೆಗರ್ ಅವರ ತಂದೆಯನ್ನೂ ನಾಡನ್ನೂ ಧರ್ಮವನ್ನೂ ಹೀಯಾಳಿಸಿದ್ದರು. ಪತ್ರಿಕಾಗೋಷ್ಠಿಯಲ್ಲಿ ಮದ್ಯ ನೀಡಲು ಬಂದು, ನಿರಾಕರಿಸಿದಾಗ ಗೇಲಿ ಮಾಡಿದ್ದರು. ನಾಲ್ಕನೆಯ ಸುತ್ತಿನಲ್ಲಿ ಖಬೀಬ್ ಅವರನ್ನು ಮಣಿಸಿದರು. ಆದರೆ ಗೆದ್ದ ಮರುಕ್ಷಣವೇ ಬೇಲಿ ಹಾರಿ, ಎದುರಾಳಿಯ ಸಂಗಡಿಗನ ಮೇಲೆರಗಿದರು. ಇದಕ್ಕಾಗಿ ನೆವಾಡ ರಾಜ್ಯದ ಕ್ರೀಡಾ ಆಯೋಗವು 5 ಲಕ್ಷ ಡಾಲರ್ ದಂಡವನ್ನೂ 9 ತಿಂಗಳ ನಿಷೇಧವನ್ನೂ ವಿಧಿಸಿತು. ಮೈಬಲ ಗೆದ್ದ ರಾತ್ರಿಯಲ್ಲೇ ಕೋಪವೂ ಗೆದ್ದಿತ್ತು.  ಖಬೀಬ್ ಅಂದೇ ಆಯೋಗದ ಕ್ಷಮೆ ಯಾಚಿಸಿದರು.

2020ರ ಜುಲೈ 3ರಂದು, ಕೊರೋನಾದಿಂದ ಉಂಟಾದ ತೊಡಕುಗಳಿಂದ ತಂದೆ ಅಬ್ದುಲ್‌ಮನಾಪ್ ನಿಧನರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಜಸ್ಟಿನ್ ಗೇತ್ಜಿ ಜೊತೆ ಸ್ಪರ್ಧೆ. ಅವರ ಹೆತ್ತವರ ಕಣ್ಣೆದುರು ತೋಳು ಮುರಿಯಬಾರದೆಂದು ಖಬೀಬ್ ಬೇರೆ ಪಟ್ಟನ್ನು ಆರಿಸಿಕೊಂಡರೆಂದು ಗೆಳೆಯ ಡೇನಿಯಲ್ ಕಾರ್ಮಿಯರ್ ಹೇಳಿದ್ದಾರೆ. ಎರಡನೆಯ ಸುತ್ತಿನಲ್ಲಿ ಗೆದ್ದ ಖಬೀಬ್ ಕಣದಲ್ಲೇ ಕುಸಿದು ಅತ್ತರು. ಬಳಿಕ ಕೈಗವಸುಗಳನ್ನು ಕಳಚಿ ಅಂಗಳದ ನಡುವೆ ಇಟ್ಟು, ತಂದೆಯಿಲ್ಲದೆ ಇನ್ನು ಸ್ಪರ್ಧಿಸುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿರುವುದಾಗಿ ಘೋಷಿಸಿದರು. ಆಗ ಅವರಿಗೆ 32 ವರ್ಷ. 29 ಸ್ಪರ್ಧೆಗಳು, 29 ಗೆಲುವುಗಳು. ಮೂವತ್ತನೆಯದಕ್ಕಾಗಿ ಒತ್ತಾಯ ಬಂದರೂ ಕೊಟ್ಟ ಮಾತು ಮುರಿಯಲಿಲ್ಲ. ತಂದೆ ತಿದ್ದಿದ್ದ ಶಿಷ್ಯ ಇಸ್ಲಾಮ್ ಮಖಚೇವ್ 2022ರಲ್ಲಿ ಅದೇ ಪಟ್ಟಕ್ಕೇರಿದಾಗ ಖಬೀಬ್ ತರಬೇತುದಾರರಾಗಿ ಜೊತೆಗಿದ್ದರು. ಮರುವರ್ಷ, ಕುಟುಂಬಕ್ಕೆ ಸಮಯ ಕೊಡಲೆಂದು ಆ ಹೊಣೆಯಿಂದಲೂ ಹಿಂದೆ ಸರಿದರು.

ಮುಖಕ್ಕೆ ಹೊಡೆಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿರುವುದರಿಂದ ಈ ಕ್ರೀಡೆಗೆ ಅನೇಕ ವಿದ್ವಾಂಸರ ಆಕ್ಷೇಪವಿದೆ. ಅದನ್ನು ಮಕ್ಕಳಿಂದ ಮುಚ್ಚಿಡುವುದು ಸರಿಯಲ್ಲ. ಅವರು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವುದು ಬೇಲಿ ಹಾರಿದ ಆ ದೃಶ್ಯವನ್ನು. ಅದನ್ನೇ ಧರ್ಮಾಭಿಮಾನವೆಂದು ಭಾವಿಸುವ ಅಪಾಯವೂ ಇದೆ. ಹೀಯಾಳಿಕೆಗೆ ಸಹನೆಯಿಂದ ಉತ್ತರಿಸುವುದು ಪ್ರವಾದಿಚರ್ಯೆ. ಆದ್ದರಿಂದ ಮಕ್ಕಳ ಪಕ್ಕದಲ್ಲಿ ಕುಳಿತು ಅಬುಧಾಬಿಯ ಆ ರಾತ್ರಿಯ ಕಥೆಯನ್ನೂ ಹೇಳೋಣ. ಕೋಟಿಗಟ್ಟಲೆ ಹಣ ಕಾಯುತ್ತಿದ್ದಾಗಲೂ ತಾಯಿಗೆ ಕೊಟ್ಟ ಮಾತಿಗಾಗಿ ಕೈಗವಸು ಕೆಳಗಿಟ್ಟ ಆ ಮಗನನ್ನು ಅವರು ನೆನಪಿಟ್ಟುಕೊಳ್ಳಲಿ.