ಬೆಣ್ಣೆ ಹೊತ್ತು ಬೆಟ್ಟ ಇಳಿದ ಅಂಗಡಿ

ಬ್ರಿಗೇಡ್ ರೋಡಿನ ನೀಲಗಿರೀಸ್ ಅಂದ್ರೆ ಅಪ್ಪಟ ಬೆಂಗಳೂರಿನ ಅಂಗಡಿ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದೇವೆ. ನಿಜ ಹೇಳಬೇಕಂದ್ರೆ ಅದೂ ನಮ್ಮ ಹಾಗೆ ಬೆಟ್ಟದ ಕಡೆಯಿಂದ ಬದುಕು ಹುಡುಕಿಕೊಂಡು ಬಂದದ್ದು. ಹೆಸರಲ್ಲೇ ಊರು ಇದೆಯಲ್ಲ!

ಕತೆ ಶುರುವಾಗುವುದು 1905ರಲ್ಲಿ. ಮುತ್ತುಸ್ವಾಮಿ ಮೊದಲಿಯಾರ್ ಅವರು ಕೊಯಮತ್ತೂರಿನಿಂದ ಊಟಿ, ಕೂನೂರಿನ ಬ್ರಿಟಿಷರಿಗೆ ಟಪಾಲು ಹೊತ್ತು ತಲುಪಿಸುತ್ತಿದ್ದವರು. ಆಮೇಲೆ ಒಬ್ಬ ಇಂಗ್ಲಿಷ್ ದೊರೆಯ ಬೆಣ್ಣೆ ವ್ಯಾಪಾರವನ್ನು ತಾವೇ ಕೊಂಡುಕೊಂಡರು. ಮನೆಮನೆಯಲ್ಲಿ ಫ್ರಿಜ್ ಇಲ್ಲದ ಕಾಲ ಅದು. ಇವತ್ತು ಕೊಟ್ಟ ಬೆಣ್ಣೆ ಹಳಸಿದ್ದರೆ ನಾಳೆ ಗಿರಾಕಿ ಬರಲ್ಲ. ಹಾಗಾಗಿ ಆ ವ್ಯಾಪಾರಕ್ಕೆ ದುಡ್ಡಿಗಿಂತ ಮೊದಲು ಬೇಕಾಗಿದ್ದದ್ದು ನಂಬಿಕೆ.

1936ರಲ್ಲಿ ಅಂಗಡಿ ಬ್ರಿಗೇಡ್ ರೋಡಿಗೆ ಬಂತು. ಚಿಕ್ಕಪೇಟೆಗೆ ಯಾಕೆ ಹೋಗಲಿಲ್ಲ? ಆಗ ಇದ್ದದ್ದು ಎರಡು ಬೆಂಗಳೂರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ವಾಪಸ್ ಬಂದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆಯಲ್ಲಿ ಬೇಳೆ, ಬೆಲ್ಲ, ರೇಷ್ಮೆಯ ವ್ಯಾಪಾರ. ದಂಡಿನಲ್ಲಿ ಬ್ರೆಡ್, ಬೆಣ್ಣೆ, ಚೀಸ್ ತಿನ್ನುವ ಸಂಸಾರಗಳು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ದೊರೆಗಳು ಹೋದರು, ಬ್ರೆಡ್ಡು ಬೆಣ್ಣೆ ಉಳೀತು.

ದೊಡ್ಡ ತಿರುವು ಬಂದದ್ದು 1970ರ ದಶಕದ ಶುರುವಿನಲ್ಲಿ. ಹೊರದೇಶದ ಮಾದರಿ ನೋಡಿ, ಅದೇ ಕುಟುಂಬ ಇಲ್ಲೂ ಸೂಪರ್ ಮಾರ್ಕೆಟ್ ಮಾಡಿತು. ಸಾಮಾನನ್ನು ಗಿರಾಕಿಯೇ ಎತ್ತಿಕೊಳ್ಳುವ ಈ ಪದ್ಧತಿಯನ್ನು ಅಮೆರಿಕದ ಮೆಂಫಿಸ್‌ನಲ್ಲಿ 1916ರಲ್ಲೇ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ತನ್ನ ಪಿಗ್ಲಿ ವಿಗ್ಲಿ ಅಂಗಡಿಯಲ್ಲಿ ಶುರು ಮಾಡಿದ್ದ. ಅಲ್ಲಿಯತನಕ ಗಿರಾಕಿ ಚೀಟಿ ಕೊಡಬೇಕಿತ್ತು, ಅಂಗಡಿಯವನು ತೆಗೆದುಕೊಡಬೇಕಿತ್ತು.

ನಮ್ಮ ಮಾದಾಪುರದ ಕಡೆ ನಾನು ಕಂಡದ್ದೂ ಇದೇ ಚೀಟಿ ಪದ್ಧತಿ. ಅಕ್ಕಿ, ಸಕ್ಕರೆ ಬೇಕಾದ್ರೆ ಚೀಟಿ ಕೊಟ್ಟು ನಿಂತುಕೊಳ್ಳಬೇಕು. ಒಳ್ಳೆಯದೋ ಕೆಟ್ಟದೋ, ಆರಿಸುವುದು ಅವರ ಕೈ. ಆದರೆ ಕಾಫಿ ದುಡ್ಡು ಬರುವ ತನಕ ಬಾಕಿ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಿರುತ್ತಿದ್ದರು. ಸೂಪರ್ ಮಾರ್ಕೆಟ್ ನಮಗೆ ಮುಟ್ಟಿ, ಮೂಸಿ, ಆರಿಸುವ ಹಕ್ಕು ಕೊಟ್ಟಿತು. ಬದಲಿಗೆ ಆ ಬಾಕಿ ಪುಸ್ತಕ ಕಿತ್ತುಕೊಂಡಿತು. ಜಾತಿ, ಬಟ್ಟೆ, ಮಾತು ನೋಡಿ ಮುಖ ತಿರುಗಿಸುವ ಅಂಗಡಿಗಳಿದ್ದ ದೇಶದಲ್ಲಿ ಯಾರ ಮುಖವನ್ನೂ ಕಾಯದೆ ಬುಟ್ಟಿ ಹಿಡಿದು ನಡೆಯುವುದು ಸಣ್ಣ ಸ್ವಾತಂತ್ರ್ಯವಲ್ಲ.

ಮುಂದಿನದು ನಮ್ಮ ಕಾಲದ ಕತೆ. ಹೂಡಿಕೆ ಸಂಸ್ಥೆ ಆಕ್ಟಿಸ್ ಬಂತು. 2014ರಲ್ಲಿ ಸುಮಾರು 300 ಕೋಟಿಗೆ ಫ್ಯೂಚರ್ ಗ್ರೂಪ್ ಕೊಂಡಿತು. ಅಷ್ಟೊತ್ತಿಗೆ ನೀಲಗಿರೀಸ್ ಮಳಿಗೆಗಳಲ್ಲಿ ಬಹುಪಾಲು ಫ್ರಾಂಚೈಸಿ. ಅಂದ್ರೆ ಬೋರ್ಡ್ ಒಬ್ಬರದು, ಬಾಡಿಗೆಯ ಚಿಂತೆ ಇನ್ನೊಬ್ಬರದು. ಕೊನೆಗೆ ಫ್ಯೂಚರ್ ಗ್ರೂಪೇ ಸಾಲದಲ್ಲಿ ಮುಳುಗಿ, 2022ರಲ್ಲಿ ಅದರ ಫ್ಯೂಚರ್ ರಿಟೇಲ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಒಂದು ಹೆಸರನ್ನು ಕೊಳ್ಳಬಹುದು, ಮಾರಬಹುದು. ಹಳಸದ ಬೆಣ್ಣೆ ಕೊಡ್ತೀವಿ ಅನ್ನುವ ಮಾತನ್ನು ಮಾತ್ರ ದಿನಾ ಬೆಳಿಗ್ಗೆ ಹೊಸದಾಗಿ ಉಳಿಸಿಕೊಳ್ಳಬೇಕು.

ಈಗ ನಾವು ಆ್ಯಪ್ ಒತ್ತಿ ಹತ್ತು ನಿಮಿಷದಲ್ಲಿ ಟೊಮೇಟೊ ತರಿಸುತ್ತೇವೆ. ಇದು ತೀರಾ ಹೊಸದು ಅನ್ನಿಸುತ್ತೆ. ಕೋಡ್ ಬರೆಯುವವನಾಗಿ ನನಗೆ ಕಾಣುವುದೇ ಬೇರೆ: ಇದು 1916ಕ್ಕಿಂತ ಹಿಂದಿನ ಚೀಟಿ ಪದ್ಧತಿಯೇ. ಮತ್ತೆ ಯಾರೋ ಕಾಣದ ಕೈ ನಮಗಾಗಿ ಆರಿಸುತ್ತಿದೆ. ಆದರೆ ಹಳೇ ಅಂಗಡಿಯವರಿಗೆ ನಮ್ಮ ಹೆಸರು ಗೊತ್ತಿತ್ತು, ನಮಗೆ ಅವರದ್ದು. ಟೊಮೇಟೊ ಕೊಳೆತಿದ್ದರೆ ಹೋಗಿ ಕೇಳುವುದಕ್ಕೆ ಒಂದು ಬಾಗಿಲು ಇತ್ತು.