ಬೇಲಿಯೊಳಗೆ ಕಳೆದುಹೋದ ಚಿಟ್ಟೆ

ದಕ್ಷಿಣ ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಬೇಸಿಗೆಯಲ್ಲಿ ಹಾರಾಡುವ ‘ಲಾರ್ಜ್ ಬ್ಲೂ’ ಎಂಬ ನೀಲಿ ಚಿಟ್ಟೆ ಹತ್ತೊಂಬತ್ತನೆಯ ಶತಮಾನದಲ್ಲೇ ಅಪರೂಪವಾಗತೊಡಗಿತ್ತು. ಚಿಟ್ಟೆಗಳನ್ನು ಹಿಡಿದು ಪೆಟ್ಟಿಗೆಯಲ್ಲಿ ಚುಚ್ಚಿಡುವ ಹವ್ಯಾಸಿಗಳೇ ಇದಕ್ಕೆ ಕಾರಣವೆಂದು ಬಹಳ ಮಂದಿ ನಂಬಿದ್ದರು. ಆದ್ದರಿಂದ ಚಿಟ್ಟೆ ಉಳಿದಿದ್ದ ಒಂದು ನೆಲೆಗೆ ಬೇಲಿ ಹಾಕಲಾಯಿತು. ಹವ್ಯಾಸಿಗಳು ಒಳಗೆ ಬರಲಿಲ್ಲ. ಮೇಯುವ ಕುರಿಗಳೂ ಬರಲಿಲ್ಲ. ಕೊನೆಗೆ ಚಿಟ್ಟೆಯೂ ಉಳಿಯಲಿಲ್ಲ.

ಈ ಒಗಟನ್ನು ಬಿಡಿಸಿದವರು ಕೀಟವಿಜ್ಞಾನಿ ಜೆರೆಮಿ ಥಾಮಸ್. 1972ರಿಂದ ಅವರು ಅಳಿದುಳಿದ ಚಿಟ್ಟೆಗಳ ಬದುಕನ್ನು ಹತ್ತಿರದಿಂದ ಗಮನಿಸಿದರು. ಈ ಚಿಟ್ಟೆಯ ಮರಿಹುಳು ಮೊದಲ ಕೆಲವು ವಾರ ಕಾಡು ಥೈಮ್ ಗಿಡದ ಹೂಗಳನ್ನು ತಿಂದು, ನಂತರ ನೆಲಕ್ಕೆ ಬೀಳುತ್ತದೆ. ಅದನ್ನು ತಮ್ಮದೇ ಮರಿಯೆಂದು ಭ್ರಮಿಸಿ ಕೆಂಪಿರುವೆಗಳು ಗೂಡಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಸುಮಾರು ಹತ್ತು ತಿಂಗಳು ಬೆಳೆಯುತ್ತದೆ. ಇಷ್ಟು ಸಂಗತಿ ಮೊದಲೇ ಗೊತ್ತಿತ್ತು. ಥಾಮಸ್ ಕಂಡುಕೊಂಡದ್ದು ಬೇರೆ. ಕೆಂಪಿರುವೆಗಳಲ್ಲಿ ಹಲವು ಜಾತಿಗಳಿದ್ದರೂ ಮರಿಹುಳು ಚೆನ್ನಾಗಿ ಬದುಕುವುದು ‘ಮಿರ್ಮಿಕಾ ಸಬುಲೆಟಿ’ ಎಂಬ ಒಂದು ಜಾತಿಯ ಗೂಡಿನಲ್ಲಿ ಮಾತ್ರ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚನೆಯ ನೆಲ ಬೇಕು. ಹುಲ್ಲು ಕೆಲವೇ ಸೆಂಟಿಮೀಟರ್ ಎತ್ತರಕ್ಕೆ ಬೆಳೆದರೂ ನೆಲ ತಣ್ಣಗಾಗಿ ಅದು ಅಲ್ಲಿಂದ ಮರೆಯಾಗುತ್ತದೆ.

ಹುಲ್ಲನ್ನು ಗಿಡ್ಡವಾಗಿ ಇಡುತ್ತಿದ್ದವು ಕುರಿ, ದನ ಮತ್ತು ಮೊಲಗಳು. ಗುಡ್ಡಗಳಲ್ಲಿ ಕುರಿ ದನ ಮೇಯಿಸುವುದು ಕಡಿಮೆಯಾಯಿತು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಮೊಲಗಳೂ ಸತ್ತವು. ಕಾರಣ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. 1979ರಲ್ಲಿ ಈ ಚಿಟ್ಟೆ ಬ್ರಿಟನ್ನಿನಿಂದ ನಿರ್ನಾಮವಾಯಿತು.

ಆದರೆ ಆ ತಿಳಿವಳಿಕೆ ವ್ಯರ್ಥವಾಗಲಿಲ್ಲ. 1980ರ ದಶಕದಲ್ಲಿ ಸ್ವೀಡನ್ನಿನಿಂದ ಇದೇ ಜಾತಿಯ ಚಿಟ್ಟೆಯನ್ನು ತಂದು, ಮೇವು ಮತ್ತೆ ಆರಂಭವಾದ ಇಳಿಜಾರುಗಳಲ್ಲಿ ಬಿಡಲಾಯಿತು. ಇಂದು ಅದು ಇಂಗ್ಲೆಂಡಿನಲ್ಲಿ ಮತ್ತೆ ಹಾರಾಡುತ್ತಿದೆ.

ಎಲ್ಲ ಚಿಟ್ಟೆಗಳಿಗೂ ಈ ಭಾಗ್ಯವಿಲ್ಲ. ಬ್ರಿಟನ್ನಿನಲ್ಲಿ 1976ರಿಂದ ಸ್ವಯಂಸೇವಕರು ವಾರಕ್ಕೊಮ್ಮೆ ಗೊತ್ತಾದ ದಾರಿಯಲ್ಲೇ ನಡೆದು, ಕಂಡ ಚಿಟ್ಟೆಗಳನ್ನು ಎಣಿಸುತ್ತಾರೆ. ಇಂಥ ದಾಖಲೆಗಳನ್ನು ಆಧರಿಸಿದ 2022ರ ವರದಿಯ ಪ್ರಕಾರ, 1970ರ ದಶಕದಿಂದ ಈಚೆಗೆ ಅಲ್ಲಿನ ನೂರಕ್ಕೆ ಎಂಬತ್ತು ಚಿಟ್ಟೆ ಜಾತಿಗಳು ಸಂಖ್ಯೆಯಲ್ಲೋ ಹರವಿನಲ್ಲೋ ಇಳಿದಿವೆ. ಎಣಿಕೆ ಕುಸಿತವನ್ನು ತೋರಿಸುತ್ತದೆ, ಅದರ ಕಾರಣವನ್ನಲ್ಲ. ಆ ಕಾರಣ ತಿಳಿಯಲು ಒಬ್ಬರು ಹುಲ್ಲಿನ ಮೇಲೆ ಮೊಣಕಾಲೂರಿ ಇರುವೆಗೂಡನ್ನು ನೋಡಬೇಕಾಯಿತು.